ಜಕ್ಕಪ್ಪನ ಇನ್‌ಬಾಕ್ಸ್

"ಜಕ್ಕಪ್ಪನ ಪಾಸ್‌ವರ್ಡ್ ಏನೈತಿ, ಒಂದ ಚೀಟಿ ಮ್ಯಾಲ ಬರದ ಕೊಡವಾ," ಎಂದು ಮ್ಯಾನೇಜರ್ ಶಂಕರೆಪ್ಪನವರು ಬಾಗಿಲಲ್ಲಿ ನಿಂತು ಕೇಳಿದಾಗ ಶೈಲಾ ಸರ್ವರಿನ ಧೂಳು ಒರೆಸುತ್ತಿದ್ದಳು.

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯ ಆ ಸಕ್ಕರೆ ಕಾರ್ಖಾನೆಗೆ ಸ್ವಂತ ಮೇಲ್ ಸರ್ವರ್ ಬಂದು ಎರಡು ವರ್ಷವಾಗಿತ್ತು. ನಲವತ್ತೆರಡು ಮಂದಿಯ ಮೇಲ್ ನೋಡಿಕೊಳ್ಳುವವಳು ಶೈಲಾ ಒಬ್ಬಳೇ. ಅವಳದು ಇನ್ನೂ ಹಂಗಾಮಿ ನೌಕರಿ. ಕಾಯಂ ಮಾಡುವ ಕಾಗದ ಶಂಕರೆಪ್ಪನವರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಮೊನ್ನೆ ಯಾರೋ ಹೆಸರು ಮರೆಸಿ, ಮ್ಯಾನೇಜರರು ಊಟವಾದ ಮೇಲೆ ಚಿಲಕ ಹಾಕಿಕೊಂಡು ಗೊರಕೆ ಹೊಡೆಯುತ್ತಾರೆಂದು ಹೆಡ್ ಆಫೀಸಿಗೆ ಮೇಲ್ ಮಾಡಿದ್ದರು. ಶಂಕರೆಪ್ಪನವರ ಗುಮಾನಿಯೆಲ್ಲ ಕಬ್ಬಿನ ವಿಭಾಗದ ಜಕ್ಕಪ್ಪನ ಮೇಲೆ. ಗಲಗಲಿ ಊರಿನ ಆ ಮನುಷ್ಯ ಯಾರಿಗಾದರೂ ಮುಖಕ್ಕೆ ಹೊಡೆದಂತೆ ಮಾತಾಡುವವನು.

"ನನಗೂ ಕಾಣೂದಿಲ್ರಿ ಸರ್," ಎಂದಳು ಶೈಲಾ. "ಜ್ವಾಳಾ ಬೀಸಿದ ಮ್ಯಾಲ ಹಿಟ್ಟ ಅಷ್ಟs ಉಳೀತೈತಲ್ರಿ, ಹಂಗ. ಸರ್ವರಿನ್ಯಾಗ ಇರೂದು ಪಾಸ್‌ವರ್ಡಿನ ಹಿಟ್ಟು, ಅದನ್ನ ತಿರುಗಿ ಕಾಳ ಮಾಡಾಕ ಬರೂದಿಲ್ರಿ."

"ಮತ್ತ ನಾ ಹೊಡದಿದ್ದು ಖರೆ ಐತಂತ ಅದಕ್ಕ ಹೆಂಗ ತಿಳೀತೈತಿ?"

"ನೀವು ಹೊಡದಿದ್ದನ್ನೂ ಬೀಸಿ, ಎರಡೂ ಹಿಟ್ಟ ಹೋಲಿಸಿ ನೋಡತೈತ್ರಿ."

"ಗಿರಣಿ ಕಥಿ ಹೇಳಬ್ಯಾಡ. ಅವನ ಪಾಸ್‌ವರ್ಡ್ ಬದಲಿ ಮಾಡಿ ನನಗ ಕೊಡು."

"ಜಕ್ಕಪ್ಪ ಬಂದು ಕೇಳಿದ್ರ ಮಾಡತೇನ್ರಿ."

ಶಂಕರೆಪ್ಪನವರು ಒಮ್ಮೆ ಕೆಮ್ಮಿದರು. ಆ ಕೆಮ್ಮು ಮೇಜಿನ ಮೇಲಿನ ಕಾಗದದ ಬಗ್ಗೆ ಎಂದು ಶೈಲಾಳಿಗೆ ಅರ್ಥವಾಯಿತು.

ಮೂರು ಗಂಟೆಗೆ ಜಕ್ಕಪ್ಪನೇ ಬಂದ. ಚಪ್ಪಲಿಗೆ ಹೊಲದ ಕೆಸರು ಮೆತ್ತಿತ್ತು.

"ಬಾಯಾರ, ನನ್ನ ಮೇಲಿಗೆ ಕೀಲಿ ಬಿದ್ದೈತ್ರಿ. ಜಮಖಂಡಿಯಿಂದ ಮಗಳು ರಂಜನಾ ಕೂಸಿನ ಫೋಟೊ ಕಳಿಸ್ಯಾಳ. ಮೊಮ್ಮಗಳ ಮಾರಿ ಇನ್ನೂ ನೋಡಿಲ್ರಿ."

ಶೈಲಾ ಸರ್ವರಿನ ಲಾಗ್ ದಾಖಲೆ ತೆಗೆದು ನೋಡಿದಳು. ಎರಡೂವರೆಯಿಂದ ಐದು ತಪ್ಪು ಪ್ರಯತ್ನ, ಐದೂ ಒಂದೇ ಕಂಪ್ಯೂಟರಿನಿಂದ. ಜಕ್ಕಪ್ಪನ ದನಿ ಕೇಳಿ ಶಂಕರೆಪ್ಪನವರೂ ಬಂದು ಬಾಗಿಲಿಗೆ ಆತುಕೊಂಡರು.

"ಯಾರರೆ ಒಳಗ ಹೊಕ್ಕಾರೇನ್ರಿ?" ಎಂದ ಜಕ್ಕಪ್ಪ.

"ಹೊಕ್ಕಿಲ್ರಿ. ಐದ ಸಲ ಬಾಗಲಾ ಬಡದಾರ."

"ಯಾರು?"

ಶೈಲಾ ಸುಳ್ಳು ಹೇಳಬೇಕೆಂದೇ ಬಾಯಿ ತೆರೆದಳು. ಹೊರಬಂದದ್ದು ಮಾತ್ರ ನಿಜ. "ಮ್ಯಾನೇಜರ ಕೋಣಿ ಕಂಪ್ಯೂಟರಿನಿಂದ್ರಿ."

"ಬೆರಳ ಜಾರಿತ್ತು," ಎಂದರು ಶಂಕರೆಪ್ಪನವರು.

"ಐದೂ ಸಲಾ ಏನ್ರಿ ಸಾಹೇಬ್ರ?" ಜಕ್ಕಪ್ಪ ನಕ್ಕೇಬಿಟ್ಟ. "ಕೇಳಿದ್ರ ನಾನs ತೋರಸ್ತಿದ್ನೆಲ್ರಿ. ಕೀಲಿ ತಗೀರಿ ಬಾಯಾರ."

ಶೈಲಾ ಖಾತೆಯನ್ನು ಬಿಡಿಸಿ, ಮರ್ಯಾದೆಗೆ ಗೋಡೆಯ ಕಡೆ ತಿರುಗಿ ನಿಂತಳು. ಜಕ್ಕಪ್ಪ ಕೀಬೋರ್ಡಿಗೆ ಮೈಯನ್ನೇ ಅಡ್ಡ ಮಾಡಿ ಕೂತ. ಆದರೆ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಳ್ಳದೆ ಅವನ ಬೆರಳು ಏಳುತ್ತಿರಲಿಲ್ಲ. "ಬಿ... ಇ... ಮತ್ತೊಂದ ಇ... ಆರ್..."

"ಛೇ! ನಿನ್ನ ಮನಿದೇವ್ರು ಬೀರೇಶ್ವರಗ ನಾ ಒಂದs ಇ ಹಾಕಿದ್ನಿ," ಎಂದು ಶಂಕರೆಪ್ಪನವರ ಬಾಯಿಂದ ಜಾರಿತು.

ಇನ್‌ಬಾಕ್ಸ್ ತೆರೆಯಿತು. ಮಗಳ ನಾಲ್ಕು ಪತ್ರ ಓದಿಯಾಗಿತ್ತು, ಐದನೆಯದು ಹೊಸದು. ಉಳಿದ ಇನ್ನೂರ ಹನ್ನೆರಡೂ ಶಂಕರೆಪ್ಪನವರು ಕಳಿಸಿದ ಸುತ್ತೋಲೆಗಳು, ಒಂದನ್ನೂ ತೆರೆದಿರಲಿಲ್ಲ. ಗೊರಕೆಯ ಸುಳಿವು ಎಲ್ಲೂ ಇರಲಿಲ್ಲ.

"ಒಂದರೆ ಓದಬಾರದೇನಲೇ?" ಶಂಕರೆಪ್ಪನವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಕಬ್ಬಿನ್ಯಾಗ ನಿಂತು ಹೆಂಗ ಓದ್ಲಿರಿ ಸಾಹೇಬ್ರ? ಹೇಳೂದಿದ್ರ ಕರದು ಹೇಳ್ರಿ."

ಜಕ್ಕಪ್ಪ ಮಗಳ ಹೊಸ ಪತ್ರ ಒತ್ತಿದ. ಫೋಟೊ ಮೇಲಿನಿಂದ ಎಳೆ ಎಳೆಯಾಗಿ ಇಳಿಯತೊಡಗಿತು. ಶಂಕರೆಪ್ಪನವರು ಶೈಲಾಳ ಹತ್ತಿರ ಸರಿದು ಪಿಸುಗುಟ್ಟಿದರು. "ನನ್ನ ಪಾಸ್‌ವರ್ಡೂ ಹಿಟ್ಟs ಏನವಾ?"

"ನಿಮ್ಮದೂ ಹಿಟ್ಟs ರಿ."

"ಹೆಡ್ ಆಫೀಸಿನವ್ರು ನಂದು ಕೇಳಿದ್ರ?"

"ಅವ್ರಿಗೂ ಇಷ್ಟs ಹೇಳತೇನ್ರಿ."

ಅವರು ದೊಡ್ಡದೊಂದು ಉಸಿರು ಬಿಟ್ಟರು. "ಛಲೋ ಆತು. ಹೋಗು, ನಿನ್ನ ಕಾಗದಾ ತಗೊಂಡ ಬಾ. ಪೆನ್ನೂ ತಾ."

ಅವಳು ಕಾಗದದೊಂದಿಗೆ ಮರಳಿದಾಗ ಶಂಕರೆಪ್ಪನವರು ಕುರ್ಚಿ ಎಳೆದುಕೊಂಡು ಜಕ್ಕಪ್ಪನ ಪಕ್ಕ ಕೂತಿದ್ದರು. ಪರದೆಯ ಮೇಲೆ ಕುಲಾವಿ ಬಂದಿತ್ತು, ಹಣೆ ಬಂದಿತ್ತು, ಕಾಡಿಗೆ ಹಚ್ಚಿದ ಎರಡು ಕಣ್ಣೂ ಬಂದಿದ್ದವು. ಅವರು ತಿರುಗಿ ನೋಡದೆಯೇ ಸಹಿಗೆ ಕೈ ಚಾಚಿ, "ತಡಿ, ಮೂಗು ಬರಾಕತ್ತೈತಿ," ಎಂದರು.