ಒದ್ದೆ ಬಟ್ಟೆಯಲ್ಲಿ ಕಟ್ಟಿದ ಬೀಜ

ಹೆಂಗಸರ ಬಸಿರಿನ ವಿಷಯವನ್ನು ಗಂಡಸಾದ ನಾನು ಬರೆಯುವುದು ಸರಿಯೇ ಎಂದು ಬಹಳ ಹಿಂಜರಿದೆ. ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವನು ನಾನು. ಅಧಿಕಪ್ರಸಂಗ ಎನಿಸಿದರೆ ಮನ್ನಿಸಿ. ಕಂಡದ್ದನ್ನು, ಕೇಳಿದ್ದನ್ನಷ್ಟೇ ಬರೆಯುತ್ತೇನೆ.

ಪಾಪಣ್ಣ ನನ್ನ ದೊಡ್ಡಪ್ಪನ ಮಗ. ಕಾರಿಮಂಗಲಂ ಹತ್ತಿರದ ನಮ್ಮೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಸೊಣ್ಣಮ್ಮ ಬಂದು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಪಾಪಣ್ಣನ ತಾಯಿ ದೊಡ್ಡಮುನಿಯಮ್ಮ ಬೀಜದ ಬುಟ್ಟಿಯನ್ನು ಅವಳು ಮುಟ್ಟದಂತೆ ಮಾಡಿದ್ದಳು. ಕರು ಹಾಕಿದ ಹಸುವಿನ ಹತ್ತಿರವೂ ಬಿಡುತ್ತಿರಲಿಲ್ಲ. ಅರಿಶಿನದ ಕೊಂಬು ಕಾಯಿಸಿ ಹೊಕ್ಕುಳ ಕೆಳಗೆ ಬರೆ ಹಾಕಿದ್ದಳು. ಗಾಯ ಕೀವಾಗಿ ಸೊಣ್ಣಮ್ಮ ಬಾಗಿ ನಡೆಯುತ್ತಿದ್ದರೆ, "ನೋಡ್ರಮ್ಮಾ, ಬಸ್ರಿ ನಡ್ದಂಗೆ ನಡೀತಾಳೆ" ಎಂದು ಬೀದಿಗೆ ಕೇಳುವಂತೆ ನಗುತ್ತಿದ್ದಳು.

ಮೆಟ್ಟೂರು ಅಣೆಕಟ್ಟು ಮುಗಿದ ಎರಡನೆಯ ವರ್ಷ, ಸೊಣ್ಣಮ್ಮನ ತಂಗಿ ಅಂಜಮ್ಮನನ್ನೂ ಪಾಪಣ್ಣನಿಗೆ ತರುವುದೆಂದು ಮಾತಾಯಿತು. ಅಂಜಮ್ಮನಿಗೆ ಒಂದು ಕಾಲು ಗಿಡ್ಡ. ಗಂಡು ಸಿಗದೆ ಉಳಿದಿದ್ದಳು. ತನಗಾದದ್ದು ತಂಗಿಗೂ ಆಗಬಾರದೆಂದು ಸೊಣ್ಣಮ್ಮ ಗಂಡನ ಕಾಲು ಹಿಡಿದಳು: ಒಂದು ಸಲ ಸೇಲಂ ಆಸ್ಪತ್ರೆಗೆ ಹೋಗಿಬರೋಣ, ಆಮೇಲೆ ನಿಮ್ಮಿಷ್ಟ. ಬೋರ್ಡು ಓದಬಲ್ಲೆನೆಂದು ನನ್ನನ್ನೂ ಕರೆದುಕೊಂಡು ಹೋದರು.

ಡಾಕ್ಟರಮ್ಮ ಒಳಗೆ ಪರೀಕ್ಷೆ ಮಾಡಿ ವರಾಂಡಕ್ಕೆ ಬಂದು ತಮಿಳಿನಲ್ಲಿ ಹೇಳಿದಳು. ಈಕೆಯಲ್ಲಿ ನನಗೆ ಕಾಣುವ ಕೊರತೆ ಏನೂ ಇಲ್ಲ, ಆ ಬರೆ ಯಾರು ಹಾಕಿದ್ದು? ಒಟ್ಟಿಗಿದ್ದು ಒಂದು ವರ್ಷವಾದರೂ ಬಸಿರಾಗದಿದ್ದರೆ ಆಗಲೇ ಬರಬೇಕಿತ್ತು, ಇಬ್ಬರೂ ಬರಬೇಕಿತ್ತು. ಕಾರಣ ಗಂಡಸಿನಲ್ಲಿಯೂ ಇರಬಹುದು. ಈಗ ನಿನ್ನನ್ನೂ ನೋಡಬೇಕು.

ಪಾಪಣ್ಣ ಕಡಲೆಕಾಯಿ ಸಿಪ್ಪೆ ಉಗಿದು ಎದ್ದು ನಿಂತ. "ನನ್ನೇನ್ ಪೊಟ್ಟೈ, ಗಂಡ್ಸಲ್ಲ ಅಂದ್ಕೊಂಡ್ಯಾ? ನಡಿಯೇ ಸೊಣ್ಣಿ, ಬಸ್ಸು ಓಯ್ತದೆ."

ದಾರಿಯಲ್ಲಿ ಅವನು ಹೆಂಡತಿಯ ಪಕ್ಕ ಕೂರಲಿಲ್ಲ.

ರಾಗಿ ಬಿತ್ತನೆ ಹತ್ತಿರ ಬಂತು. ನಮ್ಮಲ್ಲಿ ಬಿತ್ತುವ ಮೊದಲು ಒಂದು ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಹುಲ್ಲಿನಡಿ ಇಡುತ್ತಾರೆ. ಮೊಳೆತರೆ ಆ ಬೀಜ ಹೊಲಕ್ಕೆ, ಇಲ್ಲವಾದರೆ ಬೇರೆ ಬೀಜ ಹುಡುಕುತ್ತಾರೆ. ಅಂದು ಅಂಗಳದಲ್ಲಿ ಕುಲದವರು ಕೂತಿದ್ದರು. ದೊಡ್ಡಮುನಿಯಮ್ಮ ಗಂಟು ಬಿಚ್ಚಿದಳು. ಬಿಳಿ ಮೊಳಕೆ ಒತ್ತಾಗಿ ಎದ್ದಿತ್ತು.

ಕೊಟ್ಟಿಗೆಯ ಬಾಗಿಲಿಂದ ಸೊಣ್ಣಮ್ಮ ಕೇಳಿದಳು, "ಅತ್ತೆ, ಬಿತ್ತಾಕೆ ಮುಂಚೆ ಬೀಜ ಯಾಕೆ ನೋಡ್ತೀರಿ?"

"ಇದೇನ್ ಕೇಳ್ತೀಯೇ? ಪೊಳ್ಳು ಬೀಜ ಬಿತ್ತಿ ಒಲನಾ ಬೈಯಕ್ಕಾಯ್ತದಾ?"

"ಡಾಕ್ಟ್ರಮ್ಮನೂ ಅದ್ನೇ ಏಳಿದ್ದು. ಒಲ ನೋಡಾಯ್ತು. ಅಂಜೀನ ತರೋಕ್ ಮುಂಚೆ ಅವ್ರನ್ನೂ ಒಂದ್ಸಲ ತೋರ್ಸಿ ಅತ್ತೆ, ನಿಮ್ ದಮ್ಮಯ್ಯ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆ ನಗು ಬಾರದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಪಾಪಣ್ಣ ಎತ್ತಿನ ಹಗ್ಗದಿಂದ ಹೊಡೆದ. ಕುಲದ ಹಿರಿಯ ನಾರಾಯಣಪ್ಪ ಎಲೆ ಅಡಿಕೆ ಅಗಿಯುತ್ತ, "ಸಾಕು ಬಿಡ್ಲಾ, ಕೆಲ್ಸಕ್ಕೆ ಬೇಕು" ಎಂದ ಮೇಲೆಯೇ ನಿಲ್ಲಿಸಿದ್ದು. ದೊಡ್ಡಮುನಿಯಮ್ಮ ಆ ಮೊಳಕೆಯನ್ನೆಲ್ಲ ಕೋಳಿಗಳಿಗೆ ಎರಚಿದಳು, ಬಂಜೆಯ ನೆರಳು ಬಿತ್ತೆಂದು. ಬೇರೆ ಹಿಡಿ ಬೀಜವನ್ನು ಮತ್ತೆ ಕಟ್ಟಿಟ್ಟರು.

ಮದುವೆಗೆ ಆಗದ ಆಡಿ ತಿಂಗಳು ಹುಟ್ಟುವ ಮೊದಲೇ ಮದುವೆ ನಡೆಯಿತು. ಮೊದಲ ಹೆಂಡತಿಯ ಒಪ್ಪಿಗೆ ಎಲ್ಲರಿಗೂ ಕಾಣಬೇಕಲ್ಲ. ತಾಳಿಯ ತಟ್ಟೆಯನ್ನು ಸೊಣ್ಣಮ್ಮನ ಕೈಯಲ್ಲೇ ಹಿಡಿಸಿದರು. ತಟ್ಟೆ ಅಲುಗಿದಾಗ ಅತ್ತೆ ಅವಳ ಮೊಣಕೈ ಚಿವುಟಿದಳು.

ಎರಡು ಬಿತ್ತನೆ ಕಳೆದವು. ಅಂಜಮ್ಮನೂ ಬಸಿರಾಗಲಿಲ್ಲ.

"ಒಂದೇ ಒಟ್ಟೇಲಿ ಉಟ್ಟಿದ್ದು. ಎರಡೂ ಚೌಳು," ಎಂದು ದೊಡ್ಡಮುನಿಯಮ್ಮ ಒಲೆಯ ಮುಂದೆ ಕೂತು ಅರಿಶಿನದ ಕೊಂಬು ಕಾಯಿಸತೊಡಗಿದಳು. "ಕುಂಟಿ ಒದೀತಾಳೆ. ಬಾರೇ ಸೊಣ್ಣಿ, ಅವಳ ಕಾಲ್ ಇಡ್ಕೋ."

"ಬ್ಯಾಡ ಅತ್ತೆ. ಆಸ್ಪತ್ರೆಗೆ..."

"ಇಡೀತೀಯೋ, ತೌರಿಗೆ ಓಯ್ತೀಯೋ?"

ತೌರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ. ಸೊಣ್ಣಮ್ಮ ಹಿಡಿದುಕೊಂಡಳು. ಗಿಡ್ಡ ಕಾಲನ್ನು ಮೊದಲು ಹಿಡಿದಳಂತೆ, ಅದೇ ಹೆಚ್ಚು ಒದೆಯುತ್ತಿತ್ತಂತೆ. ಕೂಗು ಕೇಳಿ ನಾನು ಓಡಿಬಂದಾಗ ಬರೆ ಬಿದ್ದಾಗಿತ್ತು. "ಅಕ್ಕಾ, ನೀನೂನಾ?" ಎಂದು ಅಂಜಮ್ಮ ಒಂದೇ ಸಮನೆ ಕೇಳುತ್ತಿದ್ದಳು. ಸೊಣ್ಣಮ್ಮ ಇನ್ನೂ ಕಾಲು ಬಿಟ್ಟಿರಲಿಲ್ಲ.

ಜಗಲಿಯ ಮೇಲೆ ಪಾಪಣ್ಣ ಆ ವರ್ಷದ ಬೀಜ ಆರಿಸುತ್ತ ಕೂತಿದ್ದ. ಜಳ್ಳನ್ನು ಊದಿ, ಕಲ್ಲು ಹೆಕ್ಕಿ, ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಬಹಳ ಜೋಪಾನವಾಗಿ ಕಟ್ಟಿದ. "ಬೀಜ ನೋಡ್ದೆ ಬಿತ್ತೋನು ಮುಟ್ಟಾಳ ಕಣ್ಲಾ" ಎಂದು ನನಗೆ ಬುದ್ಧಿ ಹೇಳಿದ. ಮೂರನೆಯ ಹೆಣ್ಣು ನೋಡಲು ಅದಿಯಮಾನ್‌ಕೋಟೆಗೆ ಹೋಗಬೇಕು, ನೀನೂ ಬಾ ಎಂದ. ನಾನು ಹೋಗಲಿಲ್ಲ, ಬೇರೆಯವರು ಹೋದರು.

ಕೊರತೆ ಪಾಪಣ್ಣನಲ್ಲೇ ಇತ್ತೆಂದು ನಾನು ಬರೆಯಲಾರೆ. ಸೊಣ್ಣಮ್ಮನಲ್ಲಿ ಡಾಕ್ಟರಮ್ಮನಿಗೆ ಕಾಣದ್ದೇನಾದರೂ ಇತ್ತೋ, ಅಂಜಮ್ಮನನ್ನು ಯಾರಾದರೂ ನೋಡಿದ್ದರೆ ಏನು ಹೇಳುತ್ತಿದ್ದರೋ, ಔಷಧಿಯಿಂದ ಸರಿಹೋಗುತ್ತಿತ್ತೋ, ಒಂದೂ ನನಗೆ ಗೊತ್ತಿಲ್ಲ. ಅವನು ಕೊನೆಗೂ ಪರೀಕ್ಷೆಗೆ ಹೋಗಲಿಲ್ಲ.