ಪಟ್ಟಿಯ ಕೊನೆಯ ಸಾಲು

“ಸತ್ತಮೇಲೆ ಮಲಗೋದು ಇದ್ದೇ ಇದೆಯಲ್ಲಮ್ಮಾ ಬಸ್ಸಮ್ಮ, ಈಗ್ಲೇ ಯಾಕೆ ಅರ್ಜೆಂಟು?”

ಗಡಿಯಾರ ಸಾಹೇಬ ಇಷ್ಟು ಹೇಳಿ ತನ್ನ ಮಾತಿಗೆ ತಾನೇ ನಕ್ಕ. ಪಕ್ಕದ ಮೇಜಿನ ಗುಮಾಸ್ತನೂ ನಕ್ಕ. ನಗದಿದ್ದರೆ ಅವನ ರಜೆಗೆ ಕತ್ತರಿ ಬೀಳುತ್ತಿತ್ತು, ಪಾಪ.

ಯಾವ ಪೈಲಟ್ ಯಾವ ದಿನ ಎಷ್ಟು ಹೊತ್ತಿಗೆ ಯಾವ ವಿಮಾನ ಹಾರಿಸಬೇಕೆಂದು ಬರೆಯುವುದು ಸಾಹೇಬನ ಕೆಲಸ. ತಾನು ಮಾತ್ರ ಜನ್ಮದಲ್ಲಿ ಒಂದು ಗಾಳಿಪಟವನ್ನೂ ಹಾರಿಸಿದವನಲ್ಲ. ಮಣಿಕಟ್ಟಿನಲ್ಲಿ ಸೋಪಿನ ಬಿಲ್ಲೆಯಷ್ಟು ದಪ್ಪದ ಗಡಿಯಾರ. ಅದನ್ನು ಬೆರಳಿನಿಂದ ಟಕಟಕ ಬಡಿದರೆ ಮೂವತ್ತು ಜನ ಪೈಲಟ್‌ಗಳು ಬಾಲ ಮುದುರಿಕೊಂಡು ಓಡಬೇಕು. ಅದಕ್ಕೇ ಆ ಹೆಸರು.

ಬಸ್ಸಮ್ಮ ಎಂಬುದು ಸಾಹೇಬ ತಿರುಗಿ ಇಟ್ಟ ಹೆಸರು. ಅವನ ಮೇಜಿನ ಮುಂದೆ ಬಿಳಿ ಅಂಗಿ, ಹೆಗಲಿನ ಮೇಲೆ ಎರಡು ಚಿನ್ನದ ಪಟ್ಟಿ ಹಾಕಿಕೊಂಡು ನಿಂತಿದ್ದ ಕೋಪೈಲಟ್ ಹುಡುಗಿಯ ಅಪ್ಪ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು ಎಂದು ಗೊತ್ತಾದ ದಿನವೇ ಇಟ್ಟಿದ್ದು. ಅವಳ ನಿಜವಾದ ಹೆಸರು ಈಗ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

“ಸರ್, ಬೆಳಗ್ಗೆಯಿಂದ ಎರಡು ಟ್ರಿಪ್ ಆಯ್ತು. ಇನ್ನು ನಾಲ್ಕಿದೆ. ಕೊನೇ ಎರಡನ್ನ ಬೇರೆಯವರಿಗೆ ಕೊಡಿ ಅಂತಷ್ಟೇ ಕೇಳಿದ್ದು. ಕಣ್ಣು ಎಳೀತಿದೆ.”

“ಹತ್ತು ಗಂಟೆ ರೆಸ್ಟ್ ಕೊಟ್ಟಿದೀನಲ್ಲ? ಇಲ್ನೋಡು, ಬರೆದಿದೆ.”

ಬರೆದದ್ದು ನಿಜ. ಆ ಹತ್ತು ಗಂಟೆ ಶುರುವಾಗಿದ್ದು ಹಿಂದಿನ ದಿನ ಅವಳ ವಿಮಾನದ ಬ್ರೇಕ್ ಹಾಕಿದ ಕ್ಷಣದಿಂದ. ಆಮೇಲೆ ಕಂಪನಿಯ ವ್ಯಾನಿಗಾಗಿ ಒಂದೂವರೆ ಗಂಟೆ ಕಾದದ್ದೂ ರೆಸ್ಟು, ವ್ಯಾನು ಎಲ್ಲರನ್ನೂ ಇಳಿಸುತ್ತ ಊರು ಸುತ್ತಿದ್ದೂ ರೆಸ್ಟು, ಅಂಗಿ ಒಗೆದು ಇಸ್ತ್ರಿ ಮಾಡಿದ್ದೂ ರೆಸ್ಟು. ರೂಮಿಗೆ ಹೋದರೆ ಅವಳ ಮಂಚದ ಮೇಲೆ ಮತ್ತೊಬ್ಬಳು ಮಲಗಿದ್ದಳು. ಆರು ಮಂಚ, ಹನ್ನೊಂದು ಜನ ಹುಡುಗಿಯರು. ಒಬ್ಬಳು ಎದ್ದರೆ ಇನ್ನೊಬ್ಬಳು ಬೀಳಬೇಕು. ಆ ರೂಮಿನಲ್ಲಿ ಹಾಸಿಗೆ ತಣ್ಣಗಾದದ್ದನ್ನು ಯಾರೂ ನೋಡಿರಲಿಲ್ಲ. ಅವಳು ಬಾಗಿಲ ಬಳಿ ಸೂಟ್‌ಕೇಸಿಗೆ ತಲೆ ಕೊಟ್ಟು ಮೂರು ಗಂಟೆ ಹೊರಳಾಡಿ ಎದ್ದು ಬಂದಿದ್ದಳು.

“ಈ ವರ್ಷ ಎರಡು ಸಲ ‘ದಣಿವು’ ಅಂತ ಬರೆದುಕೊಟ್ಟಿದೀಯ,” ಎಂದ ಸಾಹೇಬ. “ಮೂರನೇದು ಬಿತ್ತೋ, ನಿನ್ನ ಟ್ರೇನಿಂಗ್ ಸಾಲದ ಬಾಂಡ್ ಪೇಪರ್ ತೆಗೀತೀನಿ. ಅಪ್ಪ ಜಾಮೀನಿಗೆ ಸೈನ್ ಹಾಕಿದಾನಲ್ಲ, ಅವನ ಮನೆ ಮುಂದೆ ಕಂಪನಿ ಬೋರ್ಡ್ ನೆಟ್ಟು ಬರ್ತೀವಿ. ಕಿಟಕಿ ಪಕ್ಕ ಸೀಟು, ಪುಕ್ಕಟೆ ಆಕಾಶ, ಹೆಗಲ ಮೇಲೆ ಪಟ್ಟಿ. ಇನ್ನೇನಮ್ಮಾ ಬೇಕು ನಿಮ್ಮಂಥೋರಿಗೆ?”

ಗಡಿಯಾರವನ್ನು ಎರಡು ಸಲ ಬಡಿದ. ಅವಳು ಹೋದಳು. ಹೋಗದೆ ಏನು ಮಾಡುತ್ತಾಳೆ?

ಕ್ಯಾಪ್ಟನ್ ಆಗಲೇ ವಿಮಾನದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದರು. ವಯಸ್ಸು ಐವತ್ತೇಳು, ಕಂಪನಿಯಲ್ಲಿ ಎಲ್ಲರಿಗೂ ಅವರು ದೊಡ್ಡಪ್ಪ. ರಜೆಯ ದಿನ ಪಟ್ಟಿ ಬಿಚ್ಚಿಟ್ಟು ಭಾವಮೈದುನನ ಟ್ಯಾಕ್ಸಿ ಓಡಿಸುತ್ತಾರೆ. ಒಮ್ಮೆ ಅದೇ ಟ್ಯಾಕ್ಸಿಗೆ ಸಾಹೇಬನೇ ಹತ್ತಿಬಿಟ್ಟಿದ್ದನಂತೆ. ಇಳಿಯುವಾಗ “ಚಿಲ್ಲರೆ ನೀವೇ ಇಟ್ಕೊಳ್ಳಿ ಕ್ಯಾಪ್ಟನ್” ಎಂದನಂತೆ.

“ಏನಂದ ಮುಂಡೇಮಗ?”

“ಸತ್ತಮೇಲೆ ಮಲಗು ಅಂದ, ದೊಡ್ಡಪ್ಪ.”

“ಸದ್ಯ, ಟೈಮಾದ್ರೂ ಹೇಳಿದಾನಲ್ಲ.” ದೊಡ್ಡಪ್ಪ ಮಂಡಿ ಹಿಡಿದುಕೊಂಡು ಎದ್ದರು. “ಟ್ಯಾಕ್ಸೀಲಿ ವೇಟಿಂಗ್ ಚಾರ್ಜ್ ಆದ್ರೂ ಇದೆ ಮಗಾ. ನಿಂತ್ರೂ ಮೀಟರ್ ಓಡುತ್ತೆ. ನಮ್ದು ನೋಡು.”

ಅವರದನ್ನು ನೋಡಬೇಕಾದ್ದೇ. ಬಾಗಿಲು ಮುಚ್ಚಿ ಬ್ರೇಕ್ ಬಿಟ್ಟಾಗ ಪೈಲಟ್‌ಗೆ ಸಂಬಳ ಶುರು, ಬ್ರೇಕ್ ಹಾಕಿದಾಗ ಬಂದ್. ಮೋಡ ಕವಿದು ಮೂರು ಗಂಟೆ ಕಾದರೂ ಅಷ್ಟೇ, ಎಂಜಿನ್ ಕೆಟ್ಟು ಅರ್ಧ ದಿನ ಕೂತರೂ ಅಷ್ಟೇ. ನೆಲದ ಮೇಲಿರುವ ಪೈಲಟ್ ಕಂಪನಿಯ ಕಣ್ಣಿಗೆ ಪೈಲಟ್ಟೇ ಅಲ್ಲ. ಹೊರಗಿನ ಜನಕ್ಕೆ ಇದೆಲ್ಲ ಎಲ್ಲಿ ಗೊತ್ತು? ಟೋಪಿ ನೋಡುತ್ತಾರೆ, ಕಪ್ಪು ಕನ್ನಡಕ ನೋಡುತ್ತಾರೆ, ಇವರು ಲಕ್ಷ ಲಕ್ಷ ಎಣಿಸುತ್ತಾರೆ ಎಂದುಕೊಳ್ಳುತ್ತಾರೆ. ಆ ಕನ್ನಡಕ ಬಸ್ಸಮ್ಮ ಫುಟ್‌ಪಾತಿನಲ್ಲಿ ಚೌಕಾಶಿ ಮಾಡಿ ಕೊಂಡದ್ದು.

ಮೂರನೇ ಟ್ರಿಪ್ ಮುಗಿದು ಆ ಕಡೆಯ ಪುಟ್ಟ ನಿಲ್ದಾಣದಲ್ಲಿ ಜನ ಇಳಿದುಹೋದ ಮೇಲೆ ಅವಳು ಯಾರೋ ಪ್ರಯಾಣಿಕರು ಒಡೆಯದೆ ಬಿಟ್ಟುಹೋದ ಬಿಸ್ಕತ್ತಿನ ಪೊಟ್ಟಣ ಒಡೆದಳು. ಅಪ್ಪನ ಫೋನ್ ಬಂತು.

“ಊಟ ಆಯ್ತಾ ಮಗಾ?”

“ಹೊಟ್ಟೆ ತುಂಬ ಆಯ್ತಪ್ಪಾ.”

“ಸುಳ್ಳು ಹೇಳ್ಬೇಡ, ಕರಕರ ಅಂತ ಕೇಳ್ತಿದೆ. ಕಣ್ಣು ಎಳೀತಿದೆಯಾ?”

ಅವಳು ಇನ್ನೊಂದು ಬಿಸ್ಕತ್ತು ಕಚ್ಚಿದಳು. ಅಪ್ಪನಿಗೆ ಅಷ್ಟು ಸಾಕಾಯಿತು. ಒಂದು ಕಾಲದಲ್ಲಿ ಎರಡು ಶಿಫ್ಟು ಒಟ್ಟಿಗೆ ಮಾಡಿಸಿದ್ದ ದಿನ ಅವನು ತುಂಬಿದ ಬಸ್ಸನ್ನು ಮರದ ಕೆಳಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಅರ್ಧ ಗಂಟೆ ಮಲಗಿದ್ದ. ಜನ ಅವ್ವ ಅಕ್ಕ ಎಂದು ಬೈದಿದ್ದರು. ಡಿಪೋದವರು ಎರಡು ತಿಂಗಳು ಮನೆಗೆ ಕಳಿಸಿದ್ದರು.

“ಬ್ರೇಕ್ ಹಾಕೋದೂ ಡ್ರೈವಿಂಗೇ ಮಗಾ,” ಎಂದ ಅಪ್ಪ. “ಮರೀಬೇಡ.”

“ನಿಂದು ಬಸ್ಸಪ್ಪಾ. ಮರದ ಕೆಳಗೆ ನಿಲ್ಸಿದೆ. ನಾನು ಎಲ್ಲಿ ನಿಲ್ಸಲಿ?”

ಫೋನ್ ಇಟ್ಟಮೇಲೆ ಅವಳಿಗೆ ಹಾಗೆ ಅನ್ನಬಾರದಿತ್ತು ಎನಿಸಿತು.

ನಾಲ್ಕನೇ ಟ್ರಿಪ್ಪಿನಲ್ಲಿ ಆಗಬಾರದ್ದು ಆಯಿತು.

ವಿಮಾನದಲ್ಲಿ ಎಲ್ಲಕ್ಕೂ ಪಟ್ಟಿಯಿದೆ. ಒಬ್ಬರು ಸಾಲು ಓದಬೇಕು, ಇನ್ನೊಬ್ಬರು ಕಣ್ಣಿಂದ ನೋಡಿ ಬಾಯಿಂದ ಉತ್ತರ ಹೇಳಬೇಕು. ಉತ್ತರ ಸರಿ ಬರುವವರೆಗೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಇಳಿಸುತ್ತಿದ್ದವಳು ಅವಳು, ಓದುತ್ತಿದ್ದವರು ದೊಡ್ಡಪ್ಪ.

“ಚಕ್ರ?”

“ಕೆಳಗಿವೆ. ಮೂರು ಹಸಿರು.”

ಸಾವಿರ ಸಲ ಹೇಳಿದ ಬಾಯಿ, ತಾನೇ ಹೇಳಿತು. ಕಣ್ಣು ನೋಡಿರಲಿಲ್ಲ. ದೊಡ್ಡಪ್ಪನೂ ತಲೆಯಾಡಿಸಿ ಮುಂದಿನ ಸಾಲು ಓದಿದರು. ಚಕ್ರ ಇಳಿದರೆ ಹೊತ್ತಬೇಕಾದ ಮೂರು ಹಸಿರು ದೀಪಗಳಲ್ಲಿ ಒಂದೂ ಹೊತ್ತಿರಲಿಲ್ಲ. ಚಕ್ರಗಳು ಹೊಟ್ಟೆಯೊಳಗೇ ಬೆಚ್ಚಗಿದ್ದವು. ಕೆಳಗೆ ರಸ್ತೆಯ ಸೈಕಲ್ಲುಗಳು ಕಾಣುವಷ್ಟು ನೆಲ ಹತ್ತಿರ ಬಂದಾಗ ಎಚ್ಚರಿಕೆಯ ಹಾರನ್ ಅರಚಿಕೊಂಡಿತು.

“ಎತ್ತು! ಎತ್ತು ಮಗಾ!”

ಎತ್ತಿದಳು. ಹಿಂದೆ ನಲವತ್ತಾರು ಜನ ಒಟ್ಟಿಗೆ ಕಿರುಚಿದ್ದು ಬಾಗಿಲು ದಾಟಿ ಕೇಳಿತು. ಒಂದು ಸುತ್ತು ಹಾಕಿ, ಚಕ್ರ ಇಳಿಸಿ, ಹಸಿರು ದೀಪಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ, ಇಳಿಸಿದಳು. ಜನ ಚಪ್ಪಾಳೆ ತಟ್ಟಿದರು.

ಇಳಿದು ಹೋಗುವಾಗ ಮುಂದಿನ ಸಾಲಿನ ದಪ್ಪ ಉಂಗುರದವನೊಬ್ಬ ಒಳಗೆ ಇಣುಕಿದ. “ಓಹೋ, ಹೆಂಗಸಾ? ಅದಕ್ಕೇ ಈ ಕುಣಿತ. ಲಕ್ಷ ಲಕ್ಷ ಸಂಬಳ ಬಾಚ್ತೀರ, ಒಂದು ಗಾಡಿ ನೆಟ್ಟಗೆ ಇಳಿಸೋಕೆ ಬರಲ್ಲ.”

ದೊಡ್ಡಪ್ಪ ಬಾಗಿಲು ಎಳೆದುಕೊಂಡರು. “ಚಕ್ರಾನ ನಾನೂ ನೋಡ್ಲಿಲ್ಲ ಮಗಾ,” ಎಂದರು. “ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ.”

ಗಡಿಯಾರ ಸಾಹೇಬನ ಮೇಜಿನ ಮೇಲೆ ವರದಿಯ ಹಾಳೆ ಮೊದಲೇ ತಯಾರಾಗಿತ್ತು. ‘ಅನಿರೀಕ್ಷಿತ ಗಾಳಿಯ ಕಾರಣ ಮತ್ತೊಂದು ಸುತ್ತು ಹಾಕಲಾಯಿತು.’

“ಸೈನ್ ಹಾಕಿ, ಐದನೇದಕ್ಕೆ ಹತ್ತಿ. ಜನ ಹತ್ತಿ ಆಯ್ತು.”

“ಗಾಳಿ ಎಲ್ಲಿತ್ತು ಸರ್?” ಎಂದಳು ಬಸ್ಸಮ್ಮ. “ಹೊರಗೆ ಬಾವುಟ ಇಳಿಬಿದ್ದ ಲುಂಗಿ ಥರ ನೇತಾಡ್ತಿದೆ. ನಿದ್ದೆಗಣ್ಣಲ್ಲಿ ಚಕ್ರ ಮರೆತ್ವಿ. ಇನ್ನೊಂದು ಟ್ರಿಪ್ ಹೋದ್ರೆ ಏನು ಮರೀತೀವೋ ಗೊತ್ತಿಲ್ಲ.”

“ಹಂಗಂತ ಬರಿ. ಬರಿಯಮ್ಮಾ! ನಾಳೆ ಲೈಸೆನ್ಸು ಹೋಗುತ್ತೆ, ನಾಡಿದ್ದು ಅಪ್ಪನ ಮನೆ. ಈ ಮುದುಕಂಗೆ ಪಿಂಚಣಿಗೆ ಏಳು ತಿಂಗಳಿದೆ, ಅದೂ ಗೋವಿಂದ. ಬರಿ, ಪೆನ್ ಬೇಕಾ?” ಪೆನ್ನನ್ನು ಅವಳ ಎದೆಗೆ ತಾಗುವಂತೆ ಎಸೆದ. “ಡ್ರೈವರ್ ಮಗಳಿಗೆ ವಿಮಾನ ಕೊಟ್ಟೋನು ನಾನು. ಅನ್ನ ಹಾಕಿದ ಕೈ ಕಚ್ತೀಯಾ?”

ದೊಡ್ಡಪ್ಪ ಬಗ್ಗಿ ಪೆನ್ನು ಎತ್ತಿಕೊಂಡು ತಲೆ ತಗ್ಗಿಸಿ ಸಹಿ ಹಾಕಿದರು. ಅವಳ ಕಡೆ ನೋಡಲಿಲ್ಲ. ಅವಳೂ ಹಾಕಿದಳು. ಹಾಕುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ವಿಮಾನದೊಳಗೆ ಕುಲುಮೆಯಂಥ ಬಿಸಿ. ಬಾಗಿಲು ಮುಚ್ಚಿತು. ಕೆಳಗೆ ಸಾಹೇಬ ಖುದ್ದು ಬಂದು, ಎರಡೂ ಕಾಲು ಅಗಲಿಸಿ ನಿಂತು, ರೇಡಿಯೋ ಹಿಡಿದು ಗಾಜಿನ ಕಡೆ ಗಡಿಯಾರ ಬಡಿದು ತೋರಿಸುತ್ತಿದ್ದ. ದೊಡ್ಡಪ್ಪ ಓದುವ ಪಟ್ಟಿ ಕೈಗೆತ್ತಿಕೊಂಡರು.

“ಬಾಗಿಲು?”

“ಮುಚ್ಚಿದೆ.”

“ಇಂಧನ?”

“ಸಾಕಷ್ಟಿದೆ.”

“ಬ್ರೇಕ್?”

“ಹಾಕಿದೆ.”

“ಪೈಲಟ್‌ಗಳು?”

ಇದು ಪಟ್ಟಿಯ ಕೊನೆಯ ಸಾಲು. ವಿಮಾನ ಕಟ್ಟಿದವರು ಬರೆದದ್ದಲ್ಲ, ಕಂಪನಿಯ ವಕೀಲರು ಸೇರಿಸಿದ್ದು. ಇಬ್ಬರೂ ‘ಸಿದ್ಧ’ ಎನ್ನಬೇಕು, ಅದು ವಿಮಾನದ ಬಾಲದಲ್ಲಿರುವ ಕಪ್ಪು ಪೆಟ್ಟಿಗೆಯಲ್ಲಿ ಧ್ವನಿಮುದ್ರಣವಾಗಬೇಕು. ವಿಮಾನ ಬಿದ್ದರೆ ಪೈಲಟ್ ಸುಟ್ಟುಹೋಗುತ್ತಾನೆ, ಪೆಟ್ಟಿಗೆ ಸುಡುವುದಿಲ್ಲ. ಸತ್ತವನೇ ‘ನಾನು ಸರಿಯಾಗಿದ್ದೆ’ ಎಂದು ಕಂಪನಿಯ ಪರ ಸಾಕ್ಷಿ ಹೇಳುತ್ತಾನೆ. ಎಂಥಾ ತಲೆ ನೋಡಿ ವಕೀಲರದ್ದು!

ಬಸ್ಸಮ್ಮನ ಬಾಯಿ ತಾನಾಗಿ ತೆರೆಯಿತು. ‘ಸಿ’ ಅನ್ನುವಷ್ಟರಲ್ಲಿ ಅವಳು ಹಲ್ಲು ಕಚ್ಚಿ ಹಿಡಿದಳು. ನೋಡಿ ಹೇಳಬೇಕು. ದೊಡ್ಡಪ್ಪನನ್ನು ನೋಡಿದಳು: ಕಣ್ಣು ಕೆಂಡ, ತುಟಿಯ ಮೂಲೆಯಲ್ಲಿ ಒಣಗಿದ ನೊರೆ. ತನ್ನ ಕೈ ನೋಡಿಕೊಂಡಳು. ಬ್ರೇಕಿನ ಹಿಡಿಯ ಮೇಲೆ ಅದು ಮಲಗಿಬಿಟ್ಟಿತ್ತು.

“ಇಲ್ಲ,” ಎಂದಳು.

“ಮಗಾ, ಸಿದ್ಧ ಅನ್ನು.”

“ನೋಡಿ ಹೇಳ್ಬೇಕಲ್ವಾ, ದೊಡ್ಡಪ್ಪ? ನೋಡ್ದೆ. ಇಲ್ಲ.”

ದೊಡ್ಡಪ್ಪ ಧ್ವನಿ ಹಿಡಿಯುವ ಪುಟ್ಟ ತೂತಿನ ಕಡೆ ನೋಡಿದರು. ಆಡಿದ ಮಾತು ಆಗಲೇ ಪೆಟ್ಟಿಗೆ ಸೇರಿತ್ತು. ಗುಮಾಸ್ತನಾಗಲಿ ಸಾಹೇಬನಾಗಲಿ ಅಳಿಸುವಂತಿರಲಿಲ್ಲ.

ರೇಡಿಯೋ ಗುರ್ರೆಂದಿತು. “ಏನ್ರೀ ಮಾಡ್ತಿದೀರ ಒಳಗೆ? ಬ್ರೇಕ್ ಬಿಡಿ!”

“ಪಟ್ಟಿ ಮುಗಿದಿಲ್ಲ ಸಾರ್,” ಎಂದರು ದೊಡ್ಡಪ್ಪ.

“ಎಷ್ಟು ಸಾಲು ಬಾಕಿ?”

“ಒಂದೇ.”

“ಹೇಳಿ ಮುಗಿಸ್ರೀ ಅದನ್ನ!”

ಕಂಪನಿಯ ರೇಡಿಯೋ ಎಂದರೆ ಬೀದಿಯ ನಲ್ಲಿಕಟ್ಟೆ ಇದ್ದ ಹಾಗೆ. ನೆಲದ ಮೇಲಿದ್ದ ನಾಲ್ಕು ವಿಮಾನ, ಆಕಾಶದಲ್ಲಿದ್ದ ಆರು ವಿಮಾನ, ಎಲ್ಲದರ ಪೈಲಟ್‌ಗಳಿಗೂ ಅದು ಕೇಳುತ್ತದೆ. ದೊಡ್ಡಪ್ಪ ಮಾತಾಡುವ ಗುಂಡಿ ಒತ್ತಿದರು. ಒತ್ತಿದ ಬೆರಳು ತೆಗೆಯಲಿಲ್ಲ. ಕನ್ನಡಕ ಏರಿಸಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಧಾನವಾಗಿ ಮತ್ತೆ ಓದಿದರು.

“ಪೈಲಟ್‌ಗಳು?”

“ಇಲ್ಲ. ನಿದ್ದೆಯಿಲ್ಲ. ಬೆಳಗ್ಗೆಯಿಂದ ಊಟ ಇಲ್ಲ. ಹೋದ ಟ್ರಿಪ್ಪಲ್ಲಿ ಚಕ್ರ ಇಳಿಸೋದು ಮರೆತೆ. ಗಾಳಿ ಇರ್ಲಿಲ್ಲ.”

ಉತ್ತರ ಇಬ್ಬರದೂ ಬೇಕು. ದೊಡ್ಡಪ್ಪ ಉಗುಳು ನುಂಗಿದರು. ಪಿಂಚಣಿಯ ಏಳು ತಿಂಗಳು ಅವರ ಗಂಟಲಲ್ಲಿ ಇಳಿಯಿತು. ಕೆಳಗೆ ಸಾಹೇಬ ಬಾಯಿ ತೆರೆದು ನಿಂತಿದ್ದ. ಗುಂಡಿ ಒತ್ತಿಹಿಡಿದಿದ್ದರಿಂದ ಅವನ ಮಾತು ಯಾರಿಗೂ ಕೇಳುತ್ತಿರಲಿಲ್ಲ.

“ನಂದೂ ಇಲ್ಲ ಕಣೋ ಬೋಳಿಮಗನೇ,” ಎಂದರು ದೊಡ್ಡಪ್ಪ.

ಬೆರಳು ತೆಗೆದರು. ಇಪ್ಪತ್ತೊಂಬತ್ತು ವರ್ಷ ಸಾರ್ ಎಂದಿದ್ದ ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡರು.

ಬಸ್ಸಮ್ಮ ಹಿಂದಿದ್ದ ಗಗನಸಖಿಯನ್ನು ಕೂಗಿದಳು. “ಬಾಗಿಲು ತೆಗಿಯಮ್ಮಾ, ಜನ ಬೇಯ್ತಾರೆ. ಪೈಲಟ್‌ಗಳಿಗೆ ನಿದ್ದೆ ಬಂದಿದೆ, ವಿಮಾನ ಹೋಗಲ್ಲ ಅಂತ ಹೇಳು. ಗಾಳಿ ಮಳೆ ಅಂತ ಹೇಳ್ಬೇಡ.”

ಹಿಂದೆ ಬೈಗುಳದ ಸುರಿಮಳೆ ಶುರುವಾಯಿತು. ಅವ್ವ, ಅಕ್ಕ, ಅಜ್ಜಿ, ಯಾರನ್ನೂ ಬಿಡಲಿಲ್ಲ. ಅಪ್ಪ ಕೇಳಿಸಿಕೊಂಡದ್ದೂ ಇವೇ ಇರಬೇಕು ಎಂದುಕೊಂಡಳು. ಸೀಟು ಹಿಂದಕ್ಕೆ ತಳ್ಳಿ, ಫುಟ್‌ಪಾತಿನ ಕಪ್ಪು ಕನ್ನಡಕ ಏರಿಸಿಕೊಂಡು ಒರಗಿದಳು. ಸಾಹೇಬ ಮೆಟ್ಟಿಲು ಹತ್ತಿ ಬಂದು ಕಾಕ್‌ಪಿಟ್ಟಿನ ಬಾಗಿಲನ್ನು ಆ ದಪ್ಪ ಗಡಿಯಾರದಿಂದಲೇ ದಬದಬ ಬಡಿಯತೊಡಗಿದ. ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತು. ಬ್ರೇಕೂ ಹಾಕಿತ್ತು. ಮೂರನೆಯ ಬಡಿತ ಕೇಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತು.