ಸರದಿಯ ವಚನ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಒಬ್ಬ ದರ್ಜಿ ಇದ್ದಳು. ಹರಿದ ಹೊದಿಕೆಗೆ ತೇಪೆ, ಬಿಚ್ಚಿದ ದಿಂಬಿನ ಚೀಲಕ್ಕೆ ಹೊಲಿಗೆ, ರೋಗಿಗಳ ಅಂಗಿಗೆ ಹೊಸ ಲಾಡಿ, ಇಷ್ಟೇ ಅವಳ ಲೋಕ. ಮೇಲಿನ ಮಹಡಿಗಳಲ್ಲಿ ಜನ ಹುಟ್ಟುತ್ತಿದ್ದರು, ಸಾಯುತ್ತಿದ್ದರು. ಕೆಳಗೆ ಅವಳ ಬಳಿಗೆ ಇಳಿದು ಬರುತ್ತಿದ್ದುದು ಅವರ ಬಟ್ಟೆ ಮಾತ್ರ. ಎಲ್ಲರೂ ಅವಳನ್ನು ಸೂಜಿಯಕ್ಕ ಅನ್ನುತ್ತಿದ್ದರು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಅವಳಿಗೂ ಒಂದು ಹೆಮ್ಮೆಯಿತ್ತು. ನರ್ಸುಗಳು ಅಂಗಿ ಒಯ್ಯಲು ಬಂದಾಗ ಮಾತಿಗೆ ಮಾತು ಬಂದರೆ, "ನಮ್ಮನೇಲಿ ಬೈಬಲ್ ಓದದೆ ಒಂದು ದಿನಾನೂ ಅನ್ನ ಮುಟ್ತಿರ್ಲಿಲ್ಲ" ಎಂದು ಹೇಳಿಯೇ ಕಳಿಸುತ್ತಿದ್ದಳು. ಅದು ನಿಜವೇ. ಆದರೆ ಅದು ಅಪ್ಪ, ಅಮ್ಮ, ಅಣ್ಣ ಎಲ್ಲರೂ ಒಂದು ಮೇಜಿನ ಸುತ್ತ ಕೂರುತ್ತಿದ್ದ ಕಾಲದ ಮಾತು.

ಆ ಮಾತು ಮೂರನೇ ಮಹಡಿಯವರೆಗೂ ಏರಿತ್ತೆಂದು ಗೊತ್ತಾದದ್ದು, ಅವಳು ಅಲ್ಲಿ ಒಂದು ಹಾಸಿಗೆಯ ಪರದೆಗೆ ಕೊಕ್ಕೆ ಹೊಲಿಯಲು ಹೋದ ದಿನ.

"ಯಾರದು, ಪರದೆ ಜೊತೆ ಗುದ್ದಾಡ್ತಿರೋದು?" ಹಾಸಿಗೆಯಲ್ಲಿದ್ದ ಮುದುಕಿ ಕೇಳಿದಳು. ಬದುಕಿಡೀ ಗುಂಡಿಗಳ ಅಂಗಡಿ ನಡೆಸಿದವಳಂತೆ. ವಾರ್ಡಿನವರಿಗೆಲ್ಲ ಅವಳು ಗುಂಡಿ ಅಜ್ಜಿ.

"ನಾನು ಅಜ್ಜಿ, ದರ್ಜಿ."

"ಓಹೋ, ಸೂಜಿಯಕ್ಕ! ಬೈಬಲ್ ಮನೆಯವಳು. ನರ್ಸಮ್ಮ ಹೇಳಿದ್ಲು. ಬಾ ಇಲ್ಲಿ. ನಾಳೆ ನನ್ನ ಹೊಟ್ಟೆ ಕುಯ್ತಾರೆ. ಅದಕ್ಕೆ ಮುಂಚೆ ನೂರೆರಡನೇ ಕೀರ್ತನೆ ಕೇಳ್ಬೇಕು ಕಣೆ, ಆ ಗುಬ್ಬಿ ಬರತ್ತಲ್ಲ, ಅದು. ನನ್ನ ಕಣ್ಣಿಗೆ ಅಕ್ಷರ ಅಂದ್ರೆ ಇರುವೆ ಸಾಲು ಹೋದ ಹಾಗೆ."

"ಅದಕ್ಕೆ ಪುಸ್ತಕ ಯಾಕಜ್ಜಿ? ನಂಗೆ ಬಾಯಿಗೇ ಬರತ್ತೆ" ಎಂದು ಸೂಜಿಯಕ್ಕ ಕಣ್ಣು ಮುಚ್ಚಿ ಶುರುಮಾಡಿದಳು. ಎದೆ ಹುಲ್ಲಿನಂತೆ ಒಣಗಿಹೋಗಿ ಊಟವೇ ಮರೆತುಹೋದದ್ದನ್ನು ಹೇಳಿದಳು. ಹಗೆಗಳು ದಿನವಿಡೀ ಹಂಗಿಸಿದ್ದನ್ನು ಹೇಳಿದಳು. ಕರ್ತನು ಎಂದೆಂದಿಗೂ ಸಿಂಹಾಸನದಲ್ಲಿ ಇರುವುದನ್ನು ಹೇಳಿದಳು.

"ನಿಲ್ಲು ನಿಲ್ಲು! ಗುಬ್ಬಿ ಎಲ್ಲಿ?"

"ಇದರಲ್ಲಿ ಗುಬ್ಬಿ ಇಲ್ಲವಲ್ಲ ಅಜ್ಜಿ."

"ಇಲ್ವಾ? ಹಾರಿಹೋಯ್ತಾ? ನೋಡು ತಾಯಿ, ಅಂಗಿ ಮೇಲೆ ಕೈಯಾಡಿಸಿದ್ರೆ ಸಾಕು, ಗುಂಡಿ ಎಲ್ಲೆಲ್ಲಿ ಉದುರಿದೆ ಅಂತ ಹೇಳ್ತೀನಿ ನಾನು. ನಿನ್ನ ಅಂಗೀಲಿ ಮೂರೇ ಗುಂಡಿ ಇರೋದು. ಮಿಕ್ಕಿದ್ದೆಲ್ಲ ಬರೀ ತೂತು!"

ಪಕ್ಕದ ಹಾಸಿಗೆಯವರು ಕಿಸಕ್ಕೆಂದರು. ಸೂಜಿಯಕ್ಕನ ಮುಖ ಕೆಂಪಾಯಿತು. ಅಷ್ಟರಲ್ಲಿ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡಳು, ಬೆರಳುಗಳು ತಣ್ಣಗಿದ್ದವು.

"ನಗಾಡ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಹೆದರಿಕೆ ಆಗ್ತಿದೆ ನಂಗೆ. ಹೊರಗಡೆ ಕಾಯ್ತಾ ಕೂರೋರು ಯಾರೂ ಇಲ್ಲ. ಅದೊಂದು ಕೇಳ್ಕೊಂಡು ಒಳಗೆ ಹೋದ್ರೆ... ಸಾಕು."

"ನಾಳೆ ಬೆಳಿಗ್ಗೆ ಪುಸ್ತಕಾನೇ ತರ್ತೀನಿ" ಎಂದಳು ಸೂಜಿಯಕ್ಕ.

ಅವಳ ಬಾಡಿಗೆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಗೋಡೆಯಾಚೆ ಯಾರದೋ ಮನೆಯ ರೇಡಿಯೋ. ಬೈಬಲ್ ಇದ್ದದ್ದು ಟ್ರಂಕಿನ ತಳದಲ್ಲಿ, ಅಮ್ಮ ಹೊಲಿದ ಮಖಮಲ್ಲಿನ ಚೀಲದೊಳಗೆ, ನುಸಿಗುಳಿಗೆಗಳ ನಡುವೆ. ಚಿನ್ನವಿದ್ದಿದ್ದರೂ ಅಷ್ಟು ಜೋಪಾನ ಮಾಡುತ್ತಿರಲಿಲ್ಲ. ಭಾನುವಾರ ಕಂಕುಳಲ್ಲಿಟ್ಟುಕೊಂಡು ಆರಾಧನೆಗೆ ಒಯ್ಯುತ್ತಿದ್ದಳು, ಚೀಲದ ದಾರ ಬಿಚ್ಚದೆಯೇ ತಂದಿಡುತ್ತಿದ್ದಳು. ಅಪ್ಪ ಅಮ್ಮ ತೀರಿಹೋಗಿ, ಅಣ್ಣ ಹಡಗಿನ ಕೆಲಸಕ್ಕೆಂದು ಹೋಗಿ ಅವನ ಫೋನೂ ಅಪರೂಪವಾದ ಮೇಲೆ, ಒಂದು ಸಂಜೆ ಒಬ್ಬಳೇ ಓದಲು ಕೂತಿದ್ದಳು. ಮೊದಲ ವಚನ ಓದಿ ತಲೆಯೆತ್ತಿದಳು, ಮುಂದಿನವರು ಓದಲೆಂದು. ಯಾರೂ ಓದಲಿಲ್ಲ. ಆ ಮೌನ ಎಷ್ಟು ದೊಡ್ಡದಾಗಿತ್ತೆಂದರೆ ಪುಸ್ತಕ ಮುಚ್ಚಿಬಿಟ್ಟಿದ್ದಳು.

ಈಗ ದಾರ ಬಿಚ್ಚಿದಳು. ನೂರೆರಡನೆಯದನ್ನು ಹುಡುಕಿ, ಬೆರಳಿಟ್ಟು, ಮೊದಲ ವಚನ ಓದಿದಳು. ಅದು ಅಪ್ಪನದು. ಅವರ ಮನೆಯ ರೂಢಿಯೇ ಹಾಗೆ: ಅಧ್ಯಾಯ ಯಾವುದಾದರೂ ಶುರು ಅಪ್ಪನಿಂದ, ಆಮೇಲೆ ಅಮ್ಮ, ಅಣ್ಣ, ಕೊನೆಗೆ ಅವಳು, ಮತ್ತೆ ಅಪ್ಪ. ಕೂರುವ ಜಾಗ ಎಂದೂ ಬದಲಾಗಲಿಲ್ಲ. ವರ್ಷ ವರ್ಷವೂ ಅದೇ ವಚನ ಅವರವರ ಪಾಲಿಗೇ ಬರುತ್ತಿತ್ತು. ತಡವರಿಸಿದರೆ ಅಣ್ಣ ಅಣಕಿಸುತ್ತಾನೆಂದು ಅವಳು ಮುಂಚೆಯೇ ಎಣಿಸಿ ತನ್ನ ಸರದಿಯದನ್ನು ಹುಡುಕಿಟ್ಟುಕೊಂಡು, ತುಟಿಯೊಳಗೇ ಉರುಹೊಡೆಯುತ್ತಿದ್ದಳು. ಉಳಿದವರು ಓದುವಾಗ ಅವಳ ಕಿವಿ ಮೇಜಿನ ಬಳಿ ಇರುತ್ತಲೇ ಇರಲಿಲ್ಲ. ಅಜ್ಜಿಗೆ ಹೇಳಿದ ಮೂರೂ ಅವಳ ಸರದಿಯವೇ: ನಾಲ್ಕು, ಎಂಟು, ಹನ್ನೆರಡು.

ಏಳನೆಯದು ಅಣ್ಣನ ಪಾಲು. ಅಲ್ಲಿತ್ತು ಗುಬ್ಬಿ. ಮನೆಯ ಮಾಳಿಗೆಯ ಮೇಲೆ, ನಿದ್ದೆಯಿಲ್ಲದೆ, ಒಂಟಿಯಾಗಿ ಕೂತಿತ್ತು.

ಸೂಜಿಯಕ್ಕ ಅದನ್ನೇ ನೋಡುತ್ತ ಕುಳಿತಳು. ಗಂಟಲು ಒಡೆಯುತ್ತಿದ್ದ ವಯಸ್ಸಿನಲ್ಲಿ ಅಣ್ಣ ಇದನ್ನು ಓದಿರಬೇಕು, ಮೀಸೆ ಬಂದ ಮೇಲೂ ಓದಿರಬೇಕು, ಮನೆ ಬಿಡುವ ವರ್ಷವೂ ಓದಿರಬೇಕು. ಅವಳಿಗಿಂತ ಒಂದೇ ಕುರ್ಚಿಯ ಆಚೆ ಕೂತು. ಅವಳು ಆಗೆಲ್ಲ ತನ್ನ ಎಂಟನೆಯದರ ಮೇಲೆ ಬೆರಳಿಟ್ಟುಕೊಂಡಿದ್ದಳು. ಅಮ್ಮನ ಪಾಲಿಗೆ ಪಾಳುಬಿದ್ದ ಜಾಗದ ಗೂಬೆ ಬಂದಿತ್ತು. ಅಮ್ಮ ಅದನ್ನು ಯಾವ ದನಿಯಲ್ಲಿ ಓದುತ್ತಿದ್ದಳೆಂದು ನೆನಪಿಸಿಕೊಳ್ಳಲು ಹೊರಟಳು, ಆಗಲಿಲ್ಲ. ಕೇಳಿಯೇ ಇರಲಿಲ್ಲವಲ್ಲ, ನೆನಪು ಎಲ್ಲಿಂದ ಬರಬೇಕು?

ಬೆಳಿಗ್ಗೆ ವಾರ್ಡಿಗೆ ಹೋದರೆ ಹಾಸಿಗೆ ಖಾಲಿ. "ಹೇಳಿದ್ದಕ್ಕಿಂತ ಮುಂಚೇನೇ ಕರೆದ್ರು, ಈಗಷ್ಟೇ ಕರ್ಕೊಂಡು ಹೋದ್ರು" ಎಂದಳು ನರ್ಸು. ಸೂಜಿಯಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ, ಉದ್ದನೆಯ ಕಾರಿಡಾರಿನ ನಡುವೆ ಟ್ರಾಲಿಯನ್ನು ಹಿಡಿದಳು.

"ಅಜ್ಜಿ, ತಂದಿದ್ದೀನಿ!"

"ಬಂದ್ಯಾ? ನಾನಂದ್ಕೊಂಡೆ ಪುಸ್ತಕದಲ್ಲೂ ಗುಬ್ಬಿ ಸಿಗ್ಲಿಲ್ಲ ಅಂತ."

ಟ್ರಾಲಿ ತಳ್ಳುತ್ತಿದ್ದ ನರೆಗೂದಲಿನವನು ಗೊಣಗಿದ. "ನಿಲ್ಸೋ ಹಾಗಿಲ್ಲಕ್ಕ. ಒಳಗೆ ಡಾಕ್ಟ್ರು ಕಾಯ್ತಿದ್ದಾರೆ."

"ನಿಲ್ಸಬೇಡಣ್ಣ. ನಿಧಾನಕ್ಕೆ ತಳ್ಳು."

ನಡೆಯುತ್ತಲೇ ಓದಿದಳು. ಅಪ್ಪನದು, ಅಮ್ಮನದು, ಅಣ್ಣನದು, ತನ್ನದು, ಒಂದನ್ನೂ ಬಿಡದೆ. ಗುಬ್ಬಿ ಬಂದಾಗ ಅಜ್ಜಿ ಕಣ್ಣು ಮುಚ್ಚಿ, "ಹೂಂ, ಅಲ್ಲೇ ಇದೆ ನೋಡು. ನನಗಿಂತ ಮುಂಚೆ ಯಾರೋ ಹೀಗೇ ಒಬ್ಬರೇ ಕೂತಿದ್ರು. ದೇವರಿಗೇ ಅದನ್ನ ಹೇಳಿಬಿಟ್ರು. ಅಷ್ಟು ಸಾಕಿತ್ತು ನಂಗೆ" ಎಂದಳು. ಕರ್ತನ ಸಿಂಹಾಸನದ ವಚನ ಮುಗಿಯುವ ಹೊತ್ತಿಗೆ ಬಾಗಿಲು ಬಂದುಬಿಟ್ಟಿತು. ಟ್ರಾಲಿ ಒಳಗೆ ಹೋಯಿತು. ಬಾಗಿಲಿನ ಎರಡು ಕದಗಳೂ ಅಲ್ಲಾಡಿ ಸುಮ್ಮನಾದವು.

ಕಾರಿಡಾರಿನಲ್ಲಿ ಅವಳೊಬ್ಬಳೇ. ಕೆಳಗೆ ಹೊದಿಕೆಗಳ ರಾಶಿ ಕಾಯುತ್ತಿತ್ತು, ಮೇಲ್ವಿಚಾರಕಿಯ ಬೈಗುಳವೂ ಕಾಯುತ್ತಿತ್ತು. ಕೀರ್ತನೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಸೂಜಿಯಕ್ಕ ಗೋಡೆಯ ಬಳಿಯ ಬೆಂಚಿನ ಮೇಲೆ ಕೂತು, ಬೆರಳು ಸರಿಸಿ, ಗಟ್ಟಿಯಾಗಿಯೇ ಮುಂದುವರಿಸಿದಳು.

ನರೆಗೂದಲಿನವನು ಖಾಲಿ ಟ್ರಾಲಿಯೊಂದಿಗೆ ಹೊರಬಂದ. "ಅಜ್ಜಿ ಒಳಗಿದ್ದಾರಲ್ಲಕ್ಕ, ಈಗ ಯಾರಿಗೆ ಓದ್ತಿದ್ದೀಯ?"

"ಇನ್ನೂ ಮುಗಿದಿಲ್ಲಣ್ಣ" ಎಂದಳು.

ಯಾರೋ ಕೂಗಿದರು, ಅವನು ಟ್ರಾಲಿ ತಳ್ಳಿಕೊಂಡು ಹೋದ.

ಕಟ್ಟಕಡೆಯ ವಚನ ಅವಳದೇ. ಸೇವಕರ ಮಕ್ಕಳು ನೆಮ್ಮದಿಯಾಗಿ ನೆಲೆಸುವರೆಂಬ ಆ ಮಾತು ಅವಳಿಗೆ ಚಿಕ್ಕಂದಿನಿಂದಲೂ ಬಾಯಿಪಾಠ, ಆದರೆ ಎಲ್ಲಿಯೂ ಕಾಲೂರದೆ ಗಾಳಿಯಲ್ಲಿ ತೂಗುವಂಥದ್ದು. ಈಗ ಅದರ ಹಿಂದಿನವನ್ನು ಮೊದಲು ಓದಿದಳು, ಅಮ್ಮನ ಪಾಲಿನದನ್ನು, ಅಣ್ಣನ ಪಾಲಿನದನ್ನು: ಎಲ್ಲವೂ ಬಟ್ಟೆಯಂತೆ ಸವೆದುಹೋದರೂ ನೀನು ಮಾತ್ರ ಬದಲಾಗುವುದಿಲ್ಲ, ನಿನ್ನ ವರ್ಷಗಳಿಗೆ ಕೊನೆಯಿಲ್ಲ. ಓದಿ, ತಲೆಯೆತ್ತಲಿಲ್ಲ. ಉಸಿರು ತೆಗೆದುಕೊಂಡು ತನ್ನದನ್ನೂ ಓದಿದಳು. ಆಮೇಲೆ ಹಾಳೆ ತಿರುವಿ, ಮುಂದಿನ ಕೀರ್ತನೆಯ ಮೊದಲ ವಚನದ ಮೇಲೆ ಬೆರಳಿಟ್ಟಳು.